ಬ್ಯಾಕ್‌ಗ್ಯಾಮನ್ (ಇಬ್ಬರು ದಾಳ ಹಾಕಿ ಕಾಯಿ ನಡೆಸುವ ಆಟ) ಟೂರ್ನಿಯಲ್ಲಿ ಹಿಂದೆ ಬಿದ್ದವರು ಆಟ ಶುರುವಾದ ಕೂಡಲೇ ಡಬಲ್ ಮಾಡುವುದು ಸರಿಯೇ?

ಖಂಡಿತ ಸರಿ. ಡಬಲ್ ಅಂದರೆ ಈ ಆಟದ ಪಾಯಿಂಟ್ ಎರಡರಷ್ಟು ಮಾಡೋಣ ಎಂದು ಕೇಳುವುದು; ಎದುರಾಳಿ ಒಪ್ಪಬೇಕು, ಇಲ್ಲವೇ ಆ ಆಟ ಬಿಟ್ಟುಕೊಡಬೇಕು. ಅದರಲ್ಲಿ ಅಹಂಕಾರ ಏನೂ ಇಲ್ಲ. 7 ಪಾಯಿಂಟ್‌ಗಳ ಪಂದ್ಯ ಅಂದುಕೊಳ್ಳಿ. ಎದುರಾಳಿ 6, ನೀವು 4. ಈಗ ಒಂದು ಆಟ ಸೋತರೆ ಪಂದ್ಯವೇ ಹೋಯಿತು. 1 ಪಾಯಿಂಟ್‌ಗೆ ಸೋತರೂ ಅಷ್ಟೇ, 2ಕ್ಕೆ ಸೋತರೂ ಅಷ್ಟೇ. ಗೆದ್ದರೆ ಮಾತ್ರ ಎರಡರಷ್ಟು ಸಿಗುತ್ತದೆ. ಸುಮ್ನೆ ಯಾಕೆ ಕಾಯಬೇಕು, ಅಲ್ವಾ?

ಮುಂದಿರುವವರಿಗೆ ಇದು ಅನ್ಯಾಯ ಅನ್ನಿಸಬಹುದು. ಅದಕ್ಕೇ ಕ್ರಾಫರ್ಡ್ ನಿಯಮ ಇದೆ. ಒಬ್ಬರಿಗೆ ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಉಳಿದಾಗ, ಅದರ ಮುಂದಿನ ಒಂದು ಆಟದಲ್ಲಿ ಯಾರೂ ಡಬಲ್ ಮಾಡುವಂತಿಲ್ಲ. ಆ ಆಟ ಮುಗಿದ ಮೇಲೆ ತಡೆ ಇಲ್ಲ.

ಆದರೆ ಡಬಲ್ ಮಾಡುವ ರೀತಿ ಮುಖ್ಯ. ನಿಮ್ಮ ಸರದಿ ಬಂದಾಗ, ದಾಳ ಉರುಳಿಸುವ ಮುಂಚೆ, ಕ್ಯೂಬ್ (ಪಾಯಿಂಟ್ ಎಷ್ಟು ಪಟ್ಟು ಎಂದು ತೋರಿಸುವ ಘನ) ತಿರುಗಿಸಿ ಎದುರಾಳಿಯ ಕಡೆ ಇಟ್ಟು ಸ್ಪಷ್ಟವಾಗಿ "ಡಬಲ್" ಅನ್ನಿ. ಉತ್ತರ ಬರುವ ತನಕ ದಾಳ ಎಸೆಯಬೇಡಿ. ಕೇಳಿದ ಡಬಲ್ ವಾಪಸ್ ಪಡೆಯುವಂತಿಲ್ಲ. ಕ್ಯೂಬಿಗೆ ಕೈ ಚಾಚಿ, ಎದುರಾಳಿಯ ಮುಖ ನೋಡಿ ಕೈ ಹಿಂದೆಗೆಯುವವರಿದ್ದಾರೆ. ನನ್ನ ಪ್ರಕಾರ ನಿಜವಾದ ಕೆಟ್ಟ ನಡತೆ ಅದು.

ಎದುರಾಳಿ ಜಾಸ್ತಿ ಯೋಚಿಸಿದರೆ ಸಿಡುಕಬೇಡಿ. ಸಾಮಾನ್ಯ ಸ್ಥಿತಿಯಲ್ಲಿ ಗೆಲ್ಲುವ ಸಾಧ್ಯತೆ ಸುಮಾರು 25% ಇದ್ದರೂ ಡಬಲ್ ಒಪ್ಪಬಹುದು. ನಾಲ್ಕು ಆಟ ಬಿಟ್ಟುಕೊಟ್ಟರೆ 4 ಪಾಯಿಂಟ್ ನಷ್ಟ. ನಾಲ್ಕನ್ನೂ ಒಪ್ಪಿ ಒಂದು ಗೆದ್ದರೆ 6 ಹೋಗಿ 2 ಬರುತ್ತದೆ, ನಷ್ಟ ಅದೇ 4. ಜೊತೆಗೆ ಒಪ್ಪಿದವರ ಕೈಗೆ ಕ್ಯೂಬ್ ಬರುತ್ತದೆ, ಮುಂದಿನ ಡಬಲ್ ಹಕ್ಕು ಅವರೊಬ್ಬರದೇ. ಮೊಂಡುತನದಂತೆ ಕಾಣುವ ಒಪ್ಪಿಗೆಯ ಹಿಂದೆ ಈ ಲೆಕ್ಕ ಇರುತ್ತದೆ.