ಚರ್ಮದ ಬ್ಯಾನಿ ಫೋಟೋದಾಗ ಅರ್ಧಾನೂ ಕಾಣಂಗಿಲ್ರಿ

ಸಿಂದಗಿ ಕಡೆಯ ಮಾಸ್ತರೊಬ್ರು ಬರ್ದಾರ: ‘ನಮ್ಮವ್ವನ ಸೊಂಟದ ಮ್ಯಾಲಿನ ಗಜಕರ್ಣದ ಫೋಟೋ ಡಾಕ್ಟರ್‌ಗೆ ವಾಟ್ಸಾಪ್ ಮಾಡ್ದೆ, ಕೂತಲ್ಲೇ ಔಷಧ ಬಂತು. ಇದಕ್ಕ ವಿಜಯಪುರಕ್ಕ ಬಸ್ ಹತ್ತಿ ಯಾಕ ಹೋಗ್ಬೇಕು?’

ಮಾಸ್ತರ, ನೀವು ಹೇಳೂದ್ರಾಗ ಖರೇನೂ ಐತಿ. ಮೊಡವಿ, ಮೊದ್ಲ ಪತ್ತೆ ಆಗಿರೋ ಸೋರಿಯಾಸಿಸ್, ಇಂಥಾದ್ದಕ್ಕ ಮತ್ತ ಮತ್ತ ತೋರ್ಸಾಕ ಫೋನ್ ಸಾಕು, ಕೂಲಿ ಉಳೀತೈತಿ, 2020ರ ಮಾರ್ಚ್‌ನ್ಯಾಗ ಕೇಂದ್ರ ಸರ್ಕಾರನೂ ಟೆಲಿಮೆಡಿಸಿನ್‌ಗೆ (ಫೋನಿನ ಮ್ಯಾಲೆ ಡಾಕ್ಟರ್ ನೋಡೂದಕ್ಕ) ನಿಯಮ ಮಾಡೇತಿ.

ಆದ್ರ ಪತ್ರದ ಕೊನೀಗೆ ‘ಮೊದ್ಲ ಮೆಡಿಕಲ್ ಅಂಗಡಿ ಟ್ಯೂಬ್ ಹಚ್ಚಿದ್ವಿ’ ಅಂತ ಬರ್ದೀರಲ್ಲ, ನನಗ ಹೆದರಿಕಿ ಅದ್ರದ್ದೇ. ಅಂಥಾ ಟ್ಯೂಬ್‌ನ್ಯಾಗ ಭಾಳ ಸಲ ಕ್ಲೋಬೆಟಾಸಾಲ್‌ದಂಥಾ ಸ್ಟೀರಾಯ್ಡ್ ಇರ್ತೈತಿ, ತುರಿಕಿ ನಿಲ್ತೈತಿ, ಗಜಕರ್ಣ ಹುಟ್ಟಸೂ ಫಂಗಸ್ ಮಾತ್ರ ಹಬ್ಬಕೋಂತ ಹೋಗ್ತೈತಿ, ಅಂಚಿನ ಕೆಂಪು ಉಂಗುರ ಮಾಸಿಬಿಡ್ತೈತಿ, ಫೋಟೋ ನೋಡಿದವ್ರು ಇಸಬು ಅಂತ ತಿಳ್ಕೊಂಡು ಮತ್ತ ಸ್ಟೀರಾಯ್ಡೇ ಬರೀಬಹುದು. ಎದುರಿಗೆ ಕುಂತ್ರ ಬ್ಲೇಡಿನಿಂದ ಹೊಟ್ಟು ಕೆರ್ದು, ಗಾಜಿನ ಮ್ಯಾಲೆ ಹೊಟ್ಟು ಕರಗಸೂ ಕೆಒಎಚ್ ಅನ್ನೋ ದ್ರಾವಣದ ಹನಿ ಹಾಕಿ, ಮೈಕ್ರೋಸ್ಕೋಪ್‌ನ್ಯಾಗ ಫಂಗಸ್ ಎಳಿ ಐತೋ ಇಲ್ಲೋ ನೋಡ್ತಾರ.

ಬೆಳಗಾವ್ಯಾಗ ನಮ್ಮ ಸಂಬಂಧಿಕರೊಬ್ರ ಜೋಡಿ ಹೋಗಿದ್ದೆ. ಮುಂಗೈ ಮ್ಯಾಲೆ ಮಾಸಲು ಮಚ್ಚಿ, ಫೋಟೋ ನೋಡಿದವ್ರು ಬಿಸಿಲಿನ ಮಚ್ಚಿ ಅಂದಿದ್ರು. ಇಲ್ಲಿ ಡಾಕ್ಟರಮ್ಮ ಕಣ್ಣು ಮುಚ್ಚಸಿ ಹತ್ತಿ ಎಳಿ ಮುಟ್ಟಿಸಿ, ಎಲ್ಲಿ ಮುಟ್ಟಿದೆ ಬೆರಳಿಟ್ಟು ತೋರ್ಸ್ರಿ ಅಂದ್ರು. ಬ್ಯಾರೆ ಕಡೆ ಮುಟ್ಟಿದ್ದು ಕೂಡ್ಲೇ ತೋರ್ಸಿದ್ರು, ಮಚ್ಚಿ ಮ್ಯಾಲೆ ಮುಟ್ಟಿದಾಗ ಬೆರಳು ಏಳ್ಲೇ ಇಲ್ಲ. ಆಮ್ಯಾಲೆ ಮೊಣಕೈ ಹಿಂದಿನ ನರ ಹಿಸುಕಿ ನೋಡಿದ್ರು, ದಪ್ಪಾಗಿತ್ತು. ಕುಷ್ಠ. ಗುಳಿಗಿ ಸರ್ಕಾರಿ ದವಾಖಾನ್ಯಾಗ ಪುಕ್ಕಟೆ, 6 ತಿಂಗಳು ಇಲ್ಲಾ 12 ತಿಂಗಳು, ಗುಣ ಆಗ್ತೈತಿ, ತಡಾ ಆದ್ರ ಬೆರಳು ಸೆಟದು ಹೋಗ್ತಾವ. ಯಾವ ಕ್ಯಾಮೆರಾಕ್ಕ ನರ ಹಿಸುಕಾಕ ಬರ್ತೈತ್ರಿ?

2005ರಾಗ ದೇಶದಾಗ ಕುಷ್ಠ ಹತ್ತು ಸಾವಿರ ಜನಕ್ಕ ಒಂದಕ್ಕಿಂತ ಕಡಿಮಿ ಆತು ಅಂದ್ರು, ನಾವೆಲ್ಲಾ ಮರ್ತೇಬಿಟ್ವಿ. 2018ರಾಗ 14 ಥರದ ಸ್ಟೀರಾಯ್ಡ್ ಮುಲಾಮು ಚೀಟಿ ಇಲ್ದ ಮಾರಬಾರದು ಅಂತ ಆತು, ಇವತ್ತಿಗೂ ಸಂತಿ ದಿವ್ಸ ಕೇಳಿದ್ರ ಕೈಗೆ ಕೊಡ್ತಾರ. ಈಗ ಫೋನ್ ಐತಲ್ಲ ಅಂತ ತಾಲೂಕಿಗೊಬ್ಬ ಚರ್ಮದ ಡಾಕ್ಟರ್‌ನ ಕೊಡೂದೂ ತಪ್ಪಿಸಿದ್ರ ಹಳ್ಳಿ ಮಂದಿ ಎಲ್ಲಿಗೆ ಹೋಗ್ಬೇಕು? ನಿಮ್ಮಂಥಾ ಓದಿದವ್ರು ಫೋಟೋ ಸಾಕು ಅಂದ್ರ ಕೇಳವ್ರು ಯಾರು?

ಒಂದು ರಜಾ ಹಾಕಿ ಅವ್ವನ್ನ ವಿಜಯಪುರಕ್ಕ ಕರ್ಕೊಂಡು ಹೋಗ್ರಿ, ಹಚ್ಚಿದ ಟ್ಯೂಬೂ ತಗೊಂಡು ಹೋಗ್ರಿ. ಮನ್ಯಾಗ ಉಳದವ್ರಿಗೂ ತುರಿಕಿ ಐತೇನು ಅಂತ ಡಾಕ್ಟರ್ ಕೇಳ್ತಾರ, ಮೊದ್ಲೇ ವಿಚಾರ್ಸಿಟ್ಕೊರ್ರಿ.