ಯುರೋಪಿಯನ್ ವರ್ಕ್ಸ್ ಕೌನ್ಸಿಲ್ ನಿಯಮ ಬದಲಾಗಿದೆಯಂತೆ, ಇದರಿಂದ ನಮ್ಮ ಕೆಲಸ ಉಳಿಯುತ್ತದಾ?

ನೀವು ನೆದರ್‌ಲ್ಯಾಂಡ್ಸ್‌ನಲ್ಲಿದ್ದೀರಿ, ಕಂಪನಿ ಐದಾರು ದೇಶಗಳಲ್ಲಿದೆ ಅಂತ ಬರೆದಿದ್ದೀರಿ. ಈ ಕೌನ್ಸಿಲ್ ಅಂದರೆ ಹಲವು ದೇಶಗಳಲ್ಲಿರುವ ಕಂಪನಿಯ ನೌಕರರ ಪ್ರತಿನಿಧಿಗಳ ಮಂಡಳಿ, ದೊಡ್ಡ ತೀರ್ಮಾನಗಳ ಬಗ್ಗೆ ಕಂಪನಿ ಅದರ ಅಭಿಪ್ರಾಯ ಕೇಳಬೇಕು. ನಾನು ಜರ್ಮನಿಯಲ್ಲಿ ಇಂಥದೇ ಕೌನ್ಸಿಲ್‌ನಲ್ಲಿ ನಾಲ್ಕು ವರ್ಷ ನೌಕರರ ಪ್ರತಿನಿಧಿಯಾಗಿದ್ದೆ. ಕೆಲಸ ಉಳಿದೇ ಉಳಿಯುತ್ತದೆ ಅಂತ ಹೇಳಲಾರೆ. ಆದರೆ ತೀರ್ಮಾನಕ್ಕೆ ಮುಂಚೆ ನಿಮ್ಮ ಮಾತು ಕೇಳಲೇಬೇಕು ಅನ್ನುವುದು ಈಗ ಗಟ್ಟಿಯಾಗಿದೆ. ಅದು ಸಣ್ಣ ವಿಷಯ ಅಲ್ಲ.

ಒಮ್ಮೆ ನಮ್ಮನ್ನು ಸಲಹೆ ಕೇಳಲು ಅಂತ ಕರೆದರು. ಮೂರನೇ ಸ್ಲೈಡ್‌ನಲ್ಲೇ ಒಂದು ಘಟಕ ಮುಚ್ಚುವ ತಿಂಗಳು ಅಚ್ಚಾಗಿತ್ತು. ಪ್ರತಿ ಪುಟದ ಕೆಳಗೂ 'ಗೋಪ್ಯ' ಅಂತ ಕೆಂಪು ಅಕ್ಷರ. ಆ ಘಟಕದಿಂದ ಬಂದಿದ್ದ ಹೆಂಗಸು ಪೆನ್ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟರು. ಊರಿಗೆ ಹೋಗಿ ಜೊತೆಯವರಿಗೆ ಒಂದು ಮಾತೂ ಹೇಳುವಂತಿರಲಿಲ್ಲ. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಇದು ಹಳೆಯ ಕಾಯಿಲೆ. 1997ರ ಫೆಬ್ರವರಿಯಲ್ಲಿ ಬೆಲ್ಜಿಯಂನ ವಿಲ್‌ವೋರ್ಡೆ ಕಾರ್ಖಾನೆ ಮುಚ್ಚುತ್ತೇವೆ ಅಂತ ಫ್ರಾನ್ಸಿನ ಕಾರು ಕಂಪನಿ ರೆನೋ ದಿಢೀರನೆ ಘೋಷಿಸಿತು. ಅಲ್ಲಿ ಸುಮಾರು 3,100 ಜನ ಇದ್ದರು. ಕೌನ್ಸಿಲ್ ಅನ್ನು ಕೇಳದೆ ಹೀಗೆ ಮಾಡಿದ್ದು ತಪ್ಪು ಅಂತ ಫ್ರಾನ್ಸಿನ ಕೋರ್ಟ್ ಹೇಳಿತು. ಆದರೂ ಕಾರ್ಖಾನೆ ಮುಚ್ಚಿತು.

2025ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಒಪ್ಪಿದ ತಿದ್ದುಪಡಿ ಈ ಗಾಯಕ್ಕೇ ಕೈ ಹಾಕಿದೆ. ಕೌನ್ಸಿಲ್ ಅಭಿಪ್ರಾಯ ಕೊಟ್ಟರೆ, ಕಂಪನಿ ತೀರ್ಮಾನಕ್ಕೆ ಮೊದಲೇ ಕಾರಣ ಸಮೇತ ಉತ್ತರ ಕೊಡಬೇಕು. ಗೋಪ್ಯ ಅಂದರೆ ಸಾಲದು, ಯಾಕೆ ಅಂತಲೂ ಹೇಳಬೇಕು. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದು: ದಂಡ ಹಾಕುವಾಗ ಕಂಪನಿಯ ವಹಿವಾಟು ನೋಡಬೇಕು. ಇಂಥ ಕೌನ್ಸಿಲ್‌ಗಳ ಬಗ್ಗೆ 1996ರ ಸೆಪ್ಟೆಂಬರ್‌ಗೂ ಹಿಂದೆ ಮಾಡಿಕೊಂಡ ಹಳೇ ಒಪ್ಪಂದಗಳಿಗೆ ಇದ್ದ ವಿನಾಯಿತಿಯೂ ಹೋಯಿತು.

ಸಿಗದೇ ಹೋದದ್ದೂ ಇದೆ. ಕೇಳದೆ ಮಾಡಿದ ತೀರ್ಮಾನವನ್ನು ಕೋರ್ಟ್ ತಾತ್ಕಾಲಿಕವಾಗಿ ತಡೆಯಬೇಕು ಅಂತ ಪಾರ್ಲಿಮೆಂಟಿನಲ್ಲಿ ಬೇಡಿಕೆ ಇತ್ತು. ಅದನ್ನು ಕೈಬಿಟ್ಟರು. ವಿಲ್‌ವೋರ್ಡೆ ನೆನಪಿಟ್ಟುಕೊಂಡಿರುವವರಿಗೆ ಇದು ನೋವಿನ ವಿಷಯವೇ, ಅಲ್ವಾ?

ನಿಮ್ಮ ಕೆಲಸ ಬೆಂಗಳೂರಿಗೆ ಹೋಗಬಹುದು ಅಂತಲೂ ಬರೆದಿದ್ದೀರಿ. ಯುರೋಪಿನ ಎರಡು ದೇಶಗಳ ನೌಕರರಿಗೆ ಅದರ ಬಿಸಿ ತಟ್ಟುವುದಾದರೆ ಕೌನ್ಸಿಲ್ ಅನ್ನು ಕೇಳಲೇಬೇಕು. ಬೆಂಗಳೂರಿನ ನಮ್ಮ ಹುಡುಗರು ಮಾತ್ರ ಈ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ.

ಹೊಸ ನಿಯಮ ಕಂಪನಿಗಳಿಗೆ ಅನ್ವಯಿಸುವುದು 2029ರ ಜನವರಿಯಿಂದ. ಅಲ್ಲಿಯವರೆಗೆ ಕಾಯಬೇಡಿ. ನಿಮ್ಮಲ್ಲಿ ಕೌನ್ಸಿಲ್ ಇದೆಯಾ, ಒಪ್ಪಂದ ಯಾವ ವರ್ಷದ್ದು ಅಂತ ಮೊದಲು ಕೇಳಿ. ಇಲ್ಲದಿದ್ದರೆ, ಹೊಸ ಕೌನ್ಸಿಲ್ ಕೇಳಲು ಯುರೋಪಿನಲ್ಲಿ ಒಟ್ಟು 1,000 ನೌಕರರು, ಎರಡು ದೇಶಗಳಲ್ಲಿ ತಲಾ 150 ಜನ ಇದ್ದರೆ ಸಾಕು. ಎರಡು ದೇಶಗಳಿಂದ ಸೇರಿ 100 ಜನ ಬರೆದು ಕೇಳಿದರೆ ಕಂಪನಿ ಮಾತುಕತೆ ಶುರು ಮಾಡಲೇಬೇಕು. ನಾವೂ ಹಾಗೇ ಶುರು ಮಾಡಿದ್ದು, ಕ್ಯಾಂಟೀನಿನಲ್ಲಿ ಒಬ್ಬೊಬ್ಬರ ಹತ್ತಿರ ಸಹಿ ತೆಗೆದುಕೊಂಡು.