ಒಂಬತ್ತನೇ ಪುಟದ ಆ ನಾಲ್ಕು ಸಾಲು

ನಮಸ್ಕಾರ.

ನೀವು ಕಳಿಸಿದ ‘ಸಮೂಹ ಮಾಧ್ಯಮಗಳು ಮತ್ತು ಸಮಾಜ’ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ. ಈಗ ಇರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಪತ್ರದ ಕೊನೆಯವರೆಗೂ ನಿಮ್ಮನ್ನು ಕಾಯಿಸುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ನಿಮ್ಮ ಒಂಬತ್ತನೇ ಪುಟದಲ್ಲಿ ನಾಲ್ಕು ಸಾಲು ಇವೆ. ಈ ಪತ್ರ ಬರೆಯುತ್ತಿರುವುದೇ ಅವುಗಳಿಗಾಗಿ.

ಅದಕ್ಕೆ ಮುಂಚೆ ಎರಡು ತಪ್ಪು ತಿದ್ದಬೇಕು. ‘ಸಂವಿಧಾನವು ಮಾಧ್ಯಮಕ್ಕೆ ನಾಲ್ಕನೇ ಅಂಗದ ಸ್ಥಾನ ನೀಡಿದೆ’ ಅಂತ ಬರೆದಿದ್ದೀರಿ. ನೀಡಿಲ್ಲ. ಪತ್ರಿಕಾ ಸ್ವಾತಂತ್ರ್ಯ ಅನ್ನುವ ಮಾತೇ ನಮ್ಮ ಸಂವಿಧಾನದಲ್ಲಿ ಬೇರೆಯಾಗಿ ಬಂದಿಲ್ಲ. 19(1)(ಎ) ವಿಧಿಯಲ್ಲಿ ಎಲ್ಲ ನಾಗರಿಕರಿಗೂ ಇರುವ ಮಾತಿನ ಹಕ್ಕೇ ಪತ್ರಿಕೆಗಳಿಗೂ ಆಸರೆ.

ಇನ್ನೊಂದು, 1938ರ ಅಮೆರಿಕದ ರೇಡಿಯೊ ನಾಟಕದ ಕಥೆ. ಆರ್ಸನ್ ವೆಲ್ಸ್ ನಾಟಕದಲ್ಲಿ ಮಂಗಳ ಗ್ರಹದವರು ಬಂದಿಳಿದರು, ಅದನ್ನು ಕೇಳಿದ ‘ಇಡೀ ದೇಶ ಬೀದಿಗೆ ಓಡಿತು’ ಅಂತ ಹೇಳುತ್ತೀರಿ. ಕೆಲವರು ಹೆದರಿದ್ದು ನಿಜ, ಪೊಲೀಸರಿಗೆ ಫೋನ್ ಮಾಡಿದ್ದೂ ನಿಜ. ಇಡೀ ದೇಶ ಓಡಲಿಲ್ಲ. ಅವತ್ತು ರಾತ್ರಿ ಐದು ಸಾವಿರ ಮನೆಗಳಿಗೆ ಫೋನ್ ಮಾಡಿ ಏನು ಕೇಳುತ್ತಿದ್ದೀರಿ ಅಂತ ವಿಚಾರಿಸಿದ್ದರು. ಈ ಕಾರ್ಯಕ್ರಮ ಕೇಳುತ್ತಿದ್ದವರು ನೂರಕ್ಕೆ ಇಬ್ಬರು. ‘ದೇಶವೇ ನಡುಗಿತು’ ಅಂತ ಬರೆದದ್ದು ಮರುದಿನದ ಪತ್ರಿಕೆಗಳು. ರೇಡಿಯೊ ತಮ್ಮ ಜಾಹೀರಾತನ್ನು ಕಿತ್ತುಕೊಳ್ಳುತ್ತಿದೆ ಅನ್ನುವ ಸಿಟ್ಟು ಆಗ ಅವಕ್ಕಿತ್ತು. ಆ ವರದಿಯನ್ನು ಜಗತ್ತು ಇವತ್ತಿಗೂ ನಂಬಿಕೊಂಡು ಬಂದಿದೆ. ನೀವೂ ನಂಬಿದಿರಿ. ನಿಮ್ಮ ವಿಷಯಕ್ಕೆ ಇದೇ ಒಳ್ಳೆಯ ಉದಾಹರಣೆ ಅಲ್ವಾ?

ಉಳಿದ ಪುಟಗಳಲ್ಲಿ ‘ಮಾಧ್ಯಮ ಜನರ ತಲೆಯಲ್ಲಿ ವಿಚಾರ ತುಂಬುತ್ತದೆ’ ಅನ್ನುವ ಮಾತು ಬೇರೆ ಬೇರೆ ರೀತಿಯಲ್ಲಿ ಹನ್ನೊಂದು ಸಲ ಬಂದಿದೆ. ಜನ ಖಾಲಿ ಕೊಡ, ಟಿವಿ ಅದಕ್ಕೆ ನೀರು ಬಿಡುವ ನಲ್ಲಿ ಅನ್ನುವ ಹಾಗೆ. ಅಷ್ಟು ಸುಲಭವಾಗಿದ್ದರೆ ಜಾಸ್ತಿ ಜಾಹೀರಾತು ಕೊಟ್ಟ ಪಕ್ಷವೇ ಪ್ರತಿ ಚುನಾವಣೆ ಗೆಲ್ಲಬೇಕಿತ್ತು. 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್ ಊರಿನಲ್ಲಿ ಮೆಕೂಂಬ್ಸ್ ಮತ್ತು ಶಾ ಅನ್ನುವ ಇಬ್ಬರು, ಯಾರಿಗೆ ವೋಟು ಅಂತ ಇನ್ನೂ ತೀರ್ಮಾನಿಸದ ನೂರು ಮತದಾರರನ್ನು ಮಾತಾಡಿಸಿದರು. ದೇಶದ ದೊಡ್ಡ ಸಮಸ್ಯೆ ಯಾವುದು ಅಂತ ಕೇಳಿದರು. ಸುದ್ದಿಯಲ್ಲಿ ಯಾವುದಕ್ಕೆ ಹೆಚ್ಚು ಜಾಗ ಸಿಕ್ಕಿತ್ತೋ ಜನರ ಪಟ್ಟಿಯಲ್ಲೂ ಅದೇ ಮೇಲಿತ್ತು. ಯಾವ ಅಭಿಪ್ರಾಯ ಇಟ್ಟುಕೊಳ್ಳಬೇಕು ಅಂತ ಹೇಳುವುದಕ್ಕಿಂತ, ಯಾವುದರ ಬಗ್ಗೆ ಯೋಚಿಸಬೇಕು ಅಂತ ತೋರಿಸುವುದರಲ್ಲಿ ಮಾಧ್ಯಮದ ಕೈ ಮೇಲು. ನಿಮ್ಮ ಲೇಖನಕ್ಕೆ ಈ ಒಂದು ವಿಚಾರ ಸಾಕು.

ಈಗ ಆ ನಾಲ್ಕು ಸಾಲು.

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿದ್ದಾಗ, ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳನ್ನು ನಿಮ್ಮ ಬೀದಿಯವರು ಸುತ್ತುವರಿದರು. ಅವಳು ವರ್ಷಗಳಿಂದ ಬರುತ್ತಿದ್ದವಳು. ಅವತ್ತು ನಿಮ್ಮ ಅಮ್ಮ ಮೊದಲ ಸಲ ಅವಳನ್ನು ‘ನಿನ್ನ ಊರು ಯಾವುದು?’ ಅಂತ ಕೇಳಿದರು. ಬುಟ್ಟಿ ಮಗುಚಿ ಪಾತ್ರೆಗಳು ರಸ್ತೆ ತುಂಬಾ ಉರುಳಿದವು.

ಇಷ್ಟು ಬರೆದು, ಮುಂದಿನ ಸಾಲಿನಲ್ಲೇ ‘ಹೀಗೆ ಮಾಧ್ಯಮಗಳು ಸಮಾಜದ ಮೇಲೆ ಗಾಢ ಪರಿಣಾಮ ಬೀರುತ್ತವೆ’ ಅಂತ ಮುಗಿಸಿದ್ದೀರಿ. ಯಾಕೆ ಬಿಟ್ಟು ಹೋದಿರಿ? ವರ್ಷಗಟ್ಟಲೆ ಜಗಲಿ ಮೇಲೆ ಕೂತು ಚೌಕಾಸಿ ಮಾಡಿದ ಮುಖ ಒಂದು ಮಧ್ಯಾಹ್ನದಲ್ಲಿ ಗುರುತಿಲ್ಲದ ಮುಖ ಆಗಿಬಿಟ್ಟಿತು. ಲೇಖನ ಅಲ್ಲೇ ಇದೆ.

ಆ ದಿನಗಳಲ್ಲಿ ಓಡಾಡಿದ ವಿಡಿಯೊಗಳಲ್ಲಿ ಒಂದನ್ನು ನೀವೂ ನೋಡಿರಬಹುದು. ಬೈಕಿನಲ್ಲಿ ಇಬ್ಬರು ಬಂದು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ, ಅವರು ಮಕ್ಕಳ ಕಳ್ಳರು ಅನ್ನುವ ಮೆಸೇಜು ಅಲ್ಲಿ ಮುಟ್ಟಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅನ್ನುವ ಮಿತಿ ಪ್ರಕಟಿಸಿತು. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವದಂತಿಗೆ ಹೆದರಿ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗಲೂ ಸರ್ಕಾರ ಹಾಕಿದ ಮಿತಿ ದಿನಕ್ಕೆ ಐದು ಎಸ್‌ಎಂಎಸ್. ಎರಡು ಸಲವೂ ಐದು. ಬರೆಯುವಾಗ ಇದನ್ನು ಬಳಸಿಕೊಳ್ಳಿ.

ಆದರೆ ಎಲ್ಲವನ್ನೂ ಫೋನಿನ ತಲೆಗೆ ಕಟ್ಟಬೇಡಿ. ನೀವು ‘ಮುದ್ರಣ ಮಾಧ್ಯಮ ಇಂದಿಗೂ ವಿಶ್ವಾಸಾರ್ಹ’ ಅಂತ ಬರೆದ ಜಾಗದಲ್ಲಿ ನಾನು ಸುಮಾರು ಹೊತ್ತು ನಿಂತೆ.

2018ರ ಮೇ ತಿಂಗಳಲ್ಲಿ ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. 12ರಂದು ವಿಧಾನಸಭೆಗೆ ಮತದಾನ, 15ಕ್ಕೆ ಎಣಿಕೆ, ಆಮೇಲೆ ಯಾರ ಸರ್ಕಾರ ಅನ್ನುವ ಗೊಂದಲ. ಎಲ್ಲರ ಕಣ್ಣೂ ಅದರ ಮೇಲೆ. ಒಂದು ರಾತ್ರಿ ಜಿಲ್ಲಾ ಪುಟಕ್ಕೆ ತಾಲ್ಲೂಕಿನ ವರದಿಗಾರರಿಂದ ಸಣ್ಣ ಸುದ್ದಿ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವದಂತಿ ಹಬ್ಬಿದೆ, ಒಂದು ಮಗುವೂ ಕಾಣೆಯಾಗಿಲ್ಲ, ನಂಬಬೇಡಿ ಅಂತ ಪೊಲೀಸರು ಹೇಳಿದ್ದಾರೆ. ಪುಟ ಬಿಡುವ ಹೊತ್ತು. ನಾನು ಕೊಟ್ಟ ತಲೆಬರಹ: ‘ಮಕ್ಕಳ ಕಳ್ಳರ ಹಾವಳಿ: ಗ್ರಾಮಸ್ಥರಲ್ಲಿ ಆತಂಕ’. ಎರಡು ಕಾಲಂಗೆ ಸರಿಯಾಗಿ ಕೂತಿತು. ಪೊಲೀಸರ ಮಾತು ಮೂರನೇ ಪ್ಯಾರಾದಲ್ಲಿ ಉಳಿಯಿತು.

ಹಾವಳಿ ಅನ್ನುವ ಪದ ನೋಡಿ. ಆನೆ ಹಾವಳಿ, ಕೋತಿ ಹಾವಳಿ ಅನ್ನುತ್ತೇವೆ. ಕಣ್ಣೆದುರು ಬಂದು ಬೆಳೆ ತಿಂದು ಹೋಗುವುದಕ್ಕೆ ಹೇಳುವ ಮಾತು ಅದು. ಇಲ್ಲದ ಕಳ್ಳರಿಗೆ ನಾನು ಒಂದೇ ಪದದಲ್ಲಿ ಕೈಕಾಲು ಕೊಟ್ಟಿದ್ದೆ. ಮರುದಿನ ಮಧ್ಯಾಹ್ನ ನಮ್ಮ ಮನೆಯವರ ಗ್ರೂಪಿಗೆ ಅತ್ತಿಗೆ ಒಂದು ಫೋಟೊ ಹಾಕಿದರು. ನನ್ನದೇ ತಲೆಬರಹ, ಕೆಳಗಿನ ಸುದ್ದಿ ಕತ್ತರಿಸಿ ಹೋಗಿತ್ತು. ಜೊತೆಗೆ ಒಂದು ಸಾಲು: ‘ಪೇಪರಲ್ಲೂ ಬಂದಿದೆ ನೋಡಿ.’

ಆ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಕಟ್ಟಿಹಾಕಿ ಹೊಡೆದರು. ಅವನು ಸತ್ತ. ಅವತ್ತೇ ಸಂಜೆ ವಿಧಾನಸೌಧದ ಮುಂದೆ ಹೊಸ ಸರ್ಕಾರದ ಪ್ರಮಾಣವಚನ. ನಮ್ಮ ಮುಖಪುಟ ಪೂರ್ತಿ ಅದಕ್ಕೇ ಹೋಯಿತು. ನನ್ನ ತಲೆಬರಹಕ್ಕೂ ಆ ಸಾವಿಗೂ ನೇರ ಸಂಬಂಧ ಇತ್ತು ಅಂತ ನಾನು ಹೇಳುತ್ತಿಲ್ಲ. ಅತ್ತಿಗೆಯ ಆ ಒಂದು ಸಾಲು ಮಾತ್ರ ನನ್ನನ್ನು ಬಿಟ್ಟಿಲ್ಲ. ಅವರಿಗೆ ಬೇಕಿದ್ದ ಪುರಾವೆಯನ್ನು ನಾನು ಕೊಟ್ಟಿದ್ದೆ.

ಅದಕ್ಕೇ ನಿಮ್ಮ ಲೇಖನದಲ್ಲಿ ‘ಜನ ನಂಬಿದರು’ ಅನ್ನುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ. ಯಾವ ಜನ? ನಿಮ್ಮ ಅಮ್ಮನ ಫೋನಿಗೆ ಆ ವಿಡಿಯೊ ಕಳಿಸಿದವರು ಯಾರು? ತಂಗಿಯೋ, ಶಾಲೆಯ ಮೇಷ್ಟ್ರೋ, ಹಾಲಿನ ಡೇರಿಯವರೋ? ಗೊತ್ತಿಲ್ಲದ ನಂಬರಿನಿಂದ ಬಂದಿದ್ದರೆ ಅವರು ನಂಬುತ್ತಿದ್ದರಾ? ಬೀದಿಯಲ್ಲಿ ಮೊದಲು ಕೂಗಿದ್ದು ಯಾರು? ಆ ವಾರ ನಿಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಏನಿತ್ತು? ತಾಲ್ಲೂಕು ಗ್ರಂಥಾಲಯದಲ್ಲಿ ಹಳೇ ಸಂಚಿಕೆ ಇದ್ದರೆ ತೆಗೆಸಿ ನೋಡಿ.

ಅಮ್ಮನನ್ನು ಕೆಟ್ಟವರನ್ನಾಗಿ ಮಾಡಬೇಡಿ, ಕಾಪಾಡಲೂ ಹೋಗಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದ ಹೆಂಗಸು, ಹೆದರಿದ್ದರು. ಆ ಹೆದರಿಕೆಯನ್ನು ಅವರ ಮಾತಿನಲ್ಲೇ, ನಿಮ್ಮ ಊರಿನ ಮಾತಿನಲ್ಲೇ ಬರೆಯಿರಿ. ‘ಗಾಢ ಪರಿಣಾಮ’, ‘ಪ್ರಮುಖ ಪಾತ್ರ’ ಇವನ್ನೆಲ್ಲ ತೆಗೆದುಬಿಡಿ. ಆರು ಪುಟ ಸಾಕು. ಯುಗಾದಿ ಒಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.

ಒಂದು ವಿಷಯ ನೀವು ಬರೆದೇ ಇಲ್ಲ. ರಸ್ತೆಯಲ್ಲಿ ಉರುಳಿದ ಪಾತ್ರೆಗಳನ್ನು ಆರಿಸಿ ಕೊಟ್ಟವರು ಯಾರು? ಅವಳು ಮತ್ತೆ ನಿಮ್ಮ ಬೀದಿಗೆ ಬಂದಳಾ? ಅಮ್ಮನನ್ನು ಕೇಳಿ.